ಸಾಲಿಗ್ರಾಮದ ಕೂಡುಚಿತ್ರ

ಸಾಲಿಗ್ರಾಮದಲ್ಲಿ ಗುರುನರಸಿಂಹನ ದೇವಾಲಯವಿರುವುದಷ್ಟೆ; ಅದರ ಇದಿರಿಗೆ ಆಂಜನೇಯನ ಗುಡಿ. ಒಂದಕ್ಕೊಂದು ಮುಖಮಾಡಿ ನಿಂತ ಇವೆರಡರ ಮುಂಭಾಗಗಳನ್ನು ಒಂದೇ ಛಾಯಾಚಿತ್ರದಲ್ಲಿ ಹಿಡಿಯುವುದು ಅಶಕ್ಯ. ಆದುದರಿಂದಲೇ ನಾನು ಅರುವತ್ತರ ವಯಸ್ಸಿನಲ್ಲಿ, ಗಣಕಯಂತ್ರದಲ್ಲಿ ಚಿತ್ರಗಳನ್ನು ಬೆಸೆಯುವ ವಿದ್ಯೆಗೆ ಶಿಷ್ಯನಾದೆನು. ವಿದ್ಯೆಯೇನೋ ಹಳೆಯದು, 1858ರಲ್ಲಿಯೇ ಆಂಗ್ಲದೇಶದ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳಿಂದ ಒಂದು ಚಿತ್ರವನ್ನು ರಚಿಸಿದ್ದನು. ಈಗ ಪದರದ ಮೇಲೆ ಪದರವನ್ನಿಟ್ಟು ಅಂಚನ್ನು ಮೆಲ್ಲನೆ ಮಸುಕುಗೊಳಿಸಿದರಾಯಿತು. ಕಷ್ಟವಿರುವುದು ನೆರಳಿನಲ್ಲಿ. ಬೆಳಗಿನ ಗುಡಿಗೆ ಸಂಜೆಯ ಗುಡಿಯನ್ನು ಜೋಡಿಸಿದರೆ ಒಂದೇ ಆಕಾಶದಲ್ಲಿ ಎರಡು ಸೂರ್ಯರು! ಮೋಡ ಕವಿದ ದಿನ ಎರಡನ್ನೂ ತೆಗೆದಾಗ ಬೆಸುಗೆಯೇ ಕಾಣದಾಯಿತು. ನರನೂ ಸಿಂಹನೂ ಕೂಡಿದ ದೇವರ ಊರಿನಲ್ಲಿ ಇದು ತಕ್ಕ ಅಭ್ಯಾಸವೇ ಸರಿ. ಆದರೆ ಚಿತ್ರದಲ್ಲಿ ಗುಡಿಗಳು ಪಕ್ಕಪಕ್ಕದಲ್ಲಿವೆ, ಪರಸ್ಪರ ನೋಡುತ್ತಿಲ್ಲ. ಪರಸ್ಥಳದವರು ಹಾಗೆಯೇ ನಂಬಿಯಾರು. ಅದಕ್ಕಾಗಿ ಕೆಳಗೆ ‘ಕೂಡುಚಿತ್ರ’ವೆಂದು ಬರೆದು ಗೋಡೆಗೆ ತೂಗಿಸಿದ್ದೇನೆ.