ಒರಿಜಿನಲ್ ಪ್ರೆಸ್ಸಿಂಗೂ ಮನೆದೇವರೂ

ಹೋದ ತಿಂಗಳು ಬಸವನಗುಡಿಯ ಒಂದು ಹಳೇ ಮನೆಗೆ ರೆಕಾರ್ಡ್ ಕೊಳ್ಳೋಕೆ ಹೋಗಿದ್ದೆ. ಅಲ್ಲಿ ಆಗಿದ್ದನ್ನ ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಪೂರ್ತಿ ಇಳಿದಿಲ್ಲ. ಆದ್ರೂ ಬರೀತಿದ್ದೀನಿ, ಓದಿ.

ನನಗೆ ಥ್ರ್ಯಾಶ್ ಮೆಟಲ್ ಹುಚ್ಚು ಅಂತ ಹತ್ತಿರದವರಿಗೆ ಗೊತ್ತು. ಮೆಟಾಲಿಕಾ, ಸ್ಲೇಯರ್, ಆಂಥ್ರಾಕ್ಸ್, ಟೆಸ್ಟಮೆಂಟ್. "ಹೋರಾಟದ ಹಾಡು ಹೇಳೋನಿಗೆ ಈ ಇಂಗ್ಲಿಷ್ ಕಿರುಚಾಟ ಯಾಕಪ್ಪಾ" ಅಂತ ಸಂಘಟನೆಯ ಅಣ್ಣಂದಿರು ನಗ್ತಾರೆ. ಈ ಹುಚ್ಚು ಹತ್ತಿದ್ದು ನಮ್ಮಮ್ಮನ ಕಸದ ಗಾಡಿಯಿಂದ.

ಅಮ್ಮ ಚಾಮರಾಜಪೇಟೆಯಲ್ಲಿ ಪೌರಕಾರ್ಮಿಕಳಾಗಿದ್ದಳು. ತೊಂಬತ್ತರ ದಶಕ. ಮಗ ಅಮೆರಿಕಾಕ್ಕೆ ಹೋದ ಮೇಲೆ ಯಾರೋ ಒಂದು ಡಬ್ಬ ತುಂಬ ಕ್ಯಾಸೆಟ್ಟುಗಳನ್ನ ಮನೆ ಹಿಂದೆ ಎಸೆದಿದ್ರು. ಗುಜರಿಗೆ ಹಾಕಿದ್ರೆ ನಾಲ್ಕು ಕಾಸು ಸಿಗುತ್ತೆ ಅಂತ ಅಮ್ಮ ತಂದಳು. ನಾನು ಬಿಡಲಿಲ್ಲ. ಅದರಲ್ಲಿ ಒಂದು ಟೆಸ್ಟಮೆಂಟ್ ತಂಡದ 'ದಿ ಲೆಗಸಿ', ಯಾರೋ ಕಾಪಿ ಮಾಡಿಕೊಂಡಿದ್ದ ಕ್ಯಾಸೆಟ್ಟು. ಟೇಪು ಸವೆದು ಹಾಡು ಎಳೆದಾಡೋವರೆಗೂ ಕೇಳಿದೆ.

ಕ್ಯಾಸೆಟ್ಟು ಸಿಕ್ಕಿದ ಆ ಹಿತ್ತಿಲ ಓಣಿ ಬಗ್ಗೆ ಸ್ವಲ್ಪ ಹೇಳ್ಬೇಕು. ಚಾಮರಾಜಪೇಟೆ ಆಗಿದ್ದು 1892ರಲ್ಲಿ. 1898ರ ಪ್ಲೇಗ್ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ಬಂದವು. ಅಗಲ ರಸ್ತೆ, ಗಾಳಿ ಬೆಳಕು, ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ. ಕನ್ಸರ್ವೆನ್ಸಿ ಲೇನ್ ಅಂತಾರೆ. ಈಗ ಅಲ್ಲಿ ಬೈಕ್ ನಿಲ್ಲಿಸ್ತಾರೆ. ಆಗ ಅದು ಇದ್ದದ್ದು ಮಲ ಬಾಚೋರು ಓಡಾಡೋಕೆ, ಮುಂದಿನ ರಸ್ತೆಯಲ್ಲಿ ಅವರು ಕಾಣಬಾರದು ಅಂತ. ನಮ್ಮಜ್ಜಿ ಆ ಓಣಿಯಲ್ಲೇ ಬಕೆಟ್ ಹೊತ್ತವಳು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಷೇಧ ಮಾಡಿದ್ರು. ಅಜ್ಜಿ ಕೈಗೆ ಪೊರಕೆ ಬಂತು. ಓಣಿ ಅದೇ.

ಈಗ ರೆಕಾರ್ಡ್ ವಿಷಯಕ್ಕೆ ಬರ್ತೀನಿ.

ಥ್ರ್ಯಾಶ್ ಹುಟ್ಟಿ ಬೆಳೆದ ಎಂಬತ್ತರ ದಶಕದಲ್ಲಿ ನಮ್ಮಲ್ಲಿ ಕ್ಯಾಸೆಟ್ಟಿನ ಕಾಲ ಬಂದಾಗಿತ್ತು. ಹಾಗಾಗಿ ಭಾನುವಾರ ಬೆಳಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಹುಡುಕಿದ್ರೆ ರಾಜಣ್ಣನ ಹಾಡು, ಹರಿಕಥೆ, ಹಿಂದಿ ಸಿನಿಮಾ ರೆಕಾರ್ಡ್ ಸಿಗುತ್ತೆ, ಸ್ಲೇಯರ್ ಸಿಗೋದು ಅಪರೂಪ. ಇಲ್ಲಿರೋ ಒರಿಜಿನಲ್ಲುಗಳಲ್ಲಿ ಹೆಚ್ಚಿನವು ಫಾರಿನ್ನಿಗೆ ಹೋದವರ ಸೂಟ್‌ಕೇಸಲ್ಲಿ ಬಂದಿದ್ದು. 1986, 87ರಲ್ಲಿ ಯಾರ ಮನೆ ಮಕ್ಕಳು ಫಾರಿನ್ನಿಗೆ ಹೋಗಿ ಬರ್ತಿದ್ರು? ಅದಕ್ಕೇ ನನ್ನಂಥವನು ಹುಡುಕ್ಕೊಂಡು ಹೋಗಿ ನಿಲ್ಲೋದು ಅದೇ ಬಡಾವಣೆಗಳ ಮನೆ ಬಾಗಿಲಿಗೆ. ಈ ಸಲ ಮುಂಬಾಗಿಲಿಗೆ.

ಒರಿಜಿನಲ್ ಗುರುತಿಸೋಕೆ ಲೇಬಲ್ ನೋಡ್ಬೇಕು, ಹಾಡಿನ ಪಟ್ಟಿ ನೋಡ್ಬೇಕು. ಮೆಟಾಲಿಕಾದ 'ಕಿಲ್ ಎಮ್ ಆಲ್' 1983ರಲ್ಲಿ ಮೆಗಾಫೋರ್ಸ್‌ನಿಂದ ಬಂದಾಗ ಅದರಲ್ಲಿ ಹತ್ತೇ ಹಾಡು. 1988ರಲ್ಲಿ ಎಲೆಕ್ಟ್ರಾ ಮತ್ತೆ ತಂದಾಗ ಇನ್ನೆರಡು ಸೇರಿಸಿದ್ರು. ಹನ್ನೆರಡು ಹಾಡಿದ್ರೆ ಮೊದಲ ಪ್ರೆಸ್ಸಿಂಗ್ ಅಲ್ಲ. ಆಮೇಲೆ ರೆಕಾರ್ಡನ್ನ ಓರೆ ಮಾಡಿ ಬೆಳಕಿಗೆ ಹಿಡೀಬೇಕು. ಹಾಡು ಮುಗಿದು ಲೇಬಲ್ ಶುರುವಾಗೋ ಮುಂಚಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರ, ನಂಬರ್ ಗೀಚಿರ್ತಾರೆ. ಎಷ್ಟೋ ಸಲ ಅದು ಕೈಬರಹ.

ರೆಕಾರ್ಡ್ ತಯಾರಿಸೋರ ಭಾಷೆ ಇನ್ನೂ ತಮಾಷೆ. ಮೊದಲು ಲ್ಯಾಕರ್ ತಟ್ಟೆ ಮೇಲೆ ಹಾಡು ಕೊರೀತಾರೆ. ಅದರಿಂದ ತೆಗೆದ ಲೋಹದ ಅಚ್ಚಿಗೆ ಫಾದರ್ ಅಂತಾರೆ, ಫಾದರ್‌ನಿಂದ ತೆಗೆದದ್ದು ಮದರ್, ಮದರ್‌ನಿಂದ ಸ್ಟ್ಯಾಂಪರ್, ಅದನ್ನ ಒತ್ತಿದ್ರೆ ರೆಕಾರ್ಡ್. ಕೆಲವು ರೆಕಾರ್ಡಲ್ಲಿ ಇದು ಎಷ್ಟನೇ ಮದರ್‌ದು, ಎಷ್ಟನೇ ಸ್ಟ್ಯಾಂಪರ್‌ದು ಅಂತಾನೂ ಬರೆದಿರುತ್ತೆ. ಅಪ್ಪ ಯಾರು, ಅಮ್ಮ ಯಾರು ಅಂತ ವಿಚಾರಿಸಿ ಬೆಲೆ ಕಟ್ಟೋದು. ನಾನೂ ಹಾಗೇ ಬೆಲೆ ಕಟ್ಟೋನು, ಸುಳ್ಳು ಹೇಳಲ್ಲ.

ಬಸವನಗುಡಿ ಮನೆಯಲ್ಲಿ 'ದಿ ಲೆಗಸಿ' ಇತ್ತು. 1987ರ ಒರಿಜಿನಲ್. ತೀರಿಹೋದ ತಮ್ಮನ ಸಂಗ್ರಹ ಅಂದ್ರು ಆ ಹಿರಿಯರು. ಕೂರಿಸಿದ್ರು, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ರು. ನಾನು ರೆಕಾರ್ಡನ್ನ ಬೆಳಕಿಗೆ ಹಿಡಿದು ಅಕ್ಷರ ಓದ್ತಿದ್ದೆ. ಅವರು ನನ್ನ ಓದೋಕೆ ಶುರು ಮಾಡಿದ್ರು.

"ನಿಮ್ಮದು ಯಾವ ಕಡೆ?"

"ಇಲ್ಲೇ ಸರ್, ಚಾಮರಾಜಪೇಟೆ."

"ಅಲ್ಲ, ಮೂಲ? ಮನೆದೇವರು ಯಾವುದು?"

ಈ ಪ್ರಶ್ನೆ ಎಲ್ಲಿಗೆ ಹೋಗುತ್ತೆ ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ತಪ್ಪಿಸ್ಕೊಳ್ಳೋ ಉತ್ತರಗಳೂ ಗೊತ್ತು. ಅವತ್ತು ಯಾಕೋ ಬೇಡ ಅನ್ನಿಸ್ತು. "ನಮ್ಮಜ್ಜಿ ಈ ಕಡೆ ಮನೆಗಳ ಹಿಂದಿನ ಲೇನಲ್ಲೇ ಕೆಲಸ ಮಾಡ್ತಿದ್ರು ಸರ್" ಅಂದೆ.

ಅವರು ಬಯ್ಯಲಿಲ್ಲ. ಮುಖ ಸಿಂಡರಿಸಲಿಲ್ಲ. ಲೋಟದ ಕಡೆ ಒಮ್ಮೆ ನೋಡಿದ್ರು, ಅಷ್ಟೇ. ಆಮೇಲೆ ರೆಕಾರ್ಡನ್ನ ಮೆತ್ತಗೆ ನನ್ನ ಕೈಯಿಂದ ತಗೊಂಡು ಕವರಿಗೆ ಹಾಕಿದ್ರು. "ಇನ್ನೊಬ್ಬರಿಗೆ ಮಾತು ಕೊಟ್ಟಿದ್ದೆ, ಮರೆತೇಬಿಟ್ಟಿದ್ದೆ ನೋಡಿ."

ಎದ್ದು ಬಂದೆ. ಗಾಂಧಿ ಬಜಾರಿನವರೆಗೂ ನಡೆದೆ. ಕಾಫಿ ರುಚಿ ಬಾಯಲ್ಲೇ ಇತ್ತು.

ಅವತ್ತೆಲ್ಲ ತಲೇಲಿ ಬರ್ತಿದ್ದದ್ದು 2011ರ ಅಕ್ಟೋಬರ್ 30. ಅರಮನೆ ಮೈದಾನದಲ್ಲಿ ಮೆಟಾಲಿಕಾ. ಯಾರ ಬೆವರು ಯಾರ ಮೈಮೇಲೆ ಅಂತ ಗೊತ್ತಾಗದಷ್ಟು ಜನ. ಬೀಳೋ ಹಾಗಾದಾಗ ಯಾರೋ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ್ರು. ಆ ಒಂದು ರಾತ್ರಿ ಯಾರೂ ಮನೆದೇವರು ಕೇಳಲಿಲ್ಲ. ಕೇಳಿದ್ರೂ ಆ ಸದ್ದಲ್ಲಿ ಕೇಳಿಸ್ತಿರಲಿಲ್ಲ.

ಮೊದಲ ಪ್ರೆಸ್ಸಿಂಗೇ ಚೆನ್ನಾಗಿ ನುಡಿಯುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಒತ್ತಿ ಒತ್ತಿ ಸ್ಟ್ಯಾಂಪರ್ ಸವೆಯುತ್ತೆ. ಸವೆದ ಸ್ಟ್ಯಾಂಪರಿನ ಮೊದಲ ಪ್ರೆಸ್ಸಿಂಗಿಗಿಂತ ಚೆನ್ನಾಗಿ ಒತ್ತಿದ ಮರುಮುದ್ರಣ ಎಷ್ಟೋ ವಾಸಿ. ಸೂಜಿ ಇಟ್ಟು ಕೇಳಿದ್ರೇ ಗೊತ್ತಾಗೋದು. ಆ ಹಿರಿಯರು ನನ್ನ ವಿಷಯದಲ್ಲಿ ಸೂಜಿ ಇಡಲೇ ಇಲ್ಲ, ನಂಬರ್ ನೋಡಿ ಕವರಿಗೆ ಹಾಕಿದ್ರು.

ಹೋದ ವಾರ ಅಮೆರಿಕಾದಿಂದ ಬಂದ ಗೆಳೆಯನೊಬ್ಬ 'ದಿ ಲೆಗಸಿ' ತಂದ. ಒರಿಜಿನಲ್ಲೇ, ಆದ್ರೆ ಕವರಿನ ಮೂಲೆ ಕತ್ತರಿಸಿದೆ. ಮಾರಾಟ ಆಗದೆ ಉಳಿದದ್ದನ್ನ ಹಾಗೆ ಕತ್ತರಿಸಿ ಅಗ್ಗಕ್ಕೆ ಕೊಡ್ತಿದ್ರು. ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಕಮ್ಮಿ. ನನಗೆ ಪರವಾಗಿಲ್ಲ.

ಜೋರಾಗಿ ಹಾಕಿದೆ. ಅಮ್ಮ ಒಳಗಿಂದ ಬಂದು ಕೇಳಿದಳು, "ಯಾಕೋ ಇವನು ಹಿಂಗೆ ಕಿರುಚ್ತಾನೆ?"

ಹಾಡೋನು ಚಕ್ ಬಿಲ್ಲಿ. ಕ್ಯಾಲಿಫೋರ್ನಿಯಾದ ಪೋಮೋ ಅನ್ನೋ ಮೂಲನಿವಾಸಿಗಳ ವಂಶದವನು. ಬಿಳಿಯರು ಬಂದು ಅವರ ನೆಲ ಕಿತ್ಕೊಂಡ್ರು, ಜನರನ್ನ ಕೊಂದ್ರು. 2012ರಲ್ಲಿ ತನ್ನ ರಕ್ತದ ಬಗ್ಗೆ, 'ನೇಟಿವ್ ಬ್ಲಡ್' ಅಂತಾನೇ ಒಂದು ಹಾಡು ಮಾಡಿದಾನೆ. ಇದನ್ನೆಲ್ಲ ಅಮ್ಮನಿಗೆ ತಿಳಿದಷ್ಟು ಹೇಳಿದೆ. ಲೆಗಸಿ ಅಂದ್ರೆ ಹಿರಿಯರು ಬಿಟ್ಟುಹೋದದ್ದು ಅಂತಾನೂ ಹೇಳಿದೆ.

ಅಮ್ಮ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ಕೇಳಿದಳು. "ಕಿರುಚ್ಲಿ ಬಿಡು ಪಾಪ" ಅಂದು ಒಳಗೆ ಹೋದಳು.

ಭಾನುವಾರ ಸಂಜೆ ಮತ್ತೆ ಹಾಕ್ತೀನಿ. ಕೇಳೋರು ಮನೆಗೆ ಬನ್ನಿ. ಟೀ ಇರುತ್ತೆ.

ಜೈ ಭೀಮ್.