ಕಂಗಿನ ತೋಟದ ನಡುವೆ ನಡುಗುವ ಕೈಗಳು

ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೊರಡುವ ಬಸ್ಸು ದುಗಲಡ್ಕ, ಎಲಿಮಲೆ ದಾಟಿ ಗುತ್ತಿಗಾರು ಪೇಟೆಗೆ ಬರುತ್ತದೆ. ಸುತ್ತ ಅಡಿಕೆ, ರಬ್ಬರ್ ತೋಟಗಳು. ಗುಡ್ಡದ ಮೇಲೊಂದು, ತಗ್ಗಿನಲ್ಲೊಂದು ಮನೆ. ನೆರೆಮನೆಗೆ ಹೋಗಲೂ ತೋಡು ದಾಟಿ ಕಾಲುದಾರಿ ಹಿಡಿಯಬೇಕು. ನೋಡಲು ಬಂದವರಿಗೆ ಇದು ಸೊಗಸು. ಆದರೆ ಹೆಜ್ಜೆ ಎತ್ತಲು ಹೋದಾಗ ಕಾಲು ನೆಲಕ್ಕೆ ಅಂಟಿದಂತಾಗುವವರಿಗೆ ಈ ದಾರಿಯೇ ಬೇಲಿ. ಪಾರ್ಕಿನ್ಸನ್ ಕಾಯಿಲೆಯವರ ಪಾಡು ಇದು.

1817ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿ ಬರೆದರು. ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ಹೆಸರು ಕಂಪವಾತ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಾಶವಾಗುತ್ತವೆ. ಆಗ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಹಲವರಿಗೆ ಕೈ ನಡುಗುತ್ತದೆ. ಇದು ಅಂಟುರೋಗವಲ್ಲ.

ನಮ್ಮ ಮನೆಗಳಲ್ಲಿ ಇದರ ಸೂಚನೆ ಕೆಲಸದಲ್ಲೇ ಕಾಣಿಸಬಹುದು. ಬೀಡಿ ಕಟ್ಟುವ ಬೆರಳು ನಿಧಾನವಾಗುತ್ತದೆ, ಅಡಿಕೆ ಸುಲಿಯುವ ಕೈ ಸೋಲುತ್ತದೆ. ಧ್ವನಿ ತಗ್ಗುತ್ತದೆ. ಮುಖದ ಭಾವ ಕುಂದಿದಾಗ ಮನೆಯವರು "ಉಮ್ಮನಿಗೆ ಯಾಕೋ ಸಿಟ್ಟು" ಎಂದುಕೊಳ್ಳುತ್ತಾರೆ. ಕೆಲವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಮಾಟವೆಂದು ನೂಲು, ತಾಯತ ಹುಡುಕುತ್ತಾರೆ. ಹೀಗೆ ವರ್ಷಗಳೇ ಕಳೆದುಹೋಗುತ್ತವೆ. ಪ್ರಾರ್ಥನೆಯ ಜೊತೆಗೆ ಚಿಕಿತ್ಸೆಯನ್ನೂ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರಲ್ಲವೇ?

ಬಾಕ್ಸಿಂಗ್ ವೀರ ಮುಹಮ್ಮದ್ ಅಲಿಯವರಿಗೆ 1984ರಲ್ಲಿ ಈ ಕಾಯಿಲೆ ಪತ್ತೆಯಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರು ನಡುಗುವ ಕೈಯಿಂದಲೇ ಜ್ಯೋತಿ ಬೆಳಗಿಸಿದರು. ಕಾಯಿಲೆಯನ್ನು ಅಡಗಿಸಿಡದೆ 2016ರವರೆಗೂ ಬಾಳಿದರು.

ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಲೆವೊಡೋಪ ಮಾತ್ರೆಯಿಂದ ಬಹಳಷ್ಟು ಮಂದಿಗೆ ಉಪಶಮನ ಸಿಗುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಮಾಂಸ, ಮೀನು, ಬೇಳೆಯ ಊಟದ ಜೊತೆ ತೆಗೆದುಕೊಂಡರೆ ಕೆಲವರಿಗೆ ಮಾತ್ರೆಯ ಬಲ ಕುಗ್ಗುತ್ತದೆ. ಆದ್ದರಿಂದ ಊಟಕ್ಕೂ ಮಾತ್ರೆಗೂ ಎಷ್ಟು ಅಂತರವಿರಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳಿ. ಒಮ್ಮೆಲೇ ಮಾತ್ರೆ ನಿಲ್ಲಿಸುವುದು ಅಪಾಯ. ರಮಝಾನಿನಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಇದೆ. ಕುಳಿತು ನಮಾಝ್ ಮಾಡುವ ಅನುಮತಿಯೂ ಇದೆ. ವುಝೂ ಮಾಡಲು ಒಂದು ಸ್ಟೂಲ್, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು ಇದ್ದರೆ ಬೀಳುವ ಭಯ ಕಡಿಮೆ. ಕಾಲು ಅಂಟಿಕೊಂಡಾಗ ಕೈ ಹಿಡಿದು ಎಳೆಯಬೇಡಿ. ಒಂದು, ಎರಡು ಎಂದು ಜೊತೆಯಲ್ಲಿ ಎಣಿಸಿ, ಹೆಜ್ಜೆ ತಾನಾಗಿ ಎದ್ದೀತು.

ಈ ಎಲ್ಲ ಆರೈಕೆಯ ಭಾರ ಬೀಳುವುದು ಹೆಚ್ಚಾಗಿ ಮನೆಯ ಒಬ್ಬಳು ಹೆಣ್ಣಿನ ಮೇಲೆ. ರಾತ್ರಿ ಹಲವು ಸಲ ಎದ್ದು ಮಗ್ಗುಲು ತಿರುಗಿಸುವ ಸೊಸೆಯ ದಣಿವನ್ನು ಕೇಳುವವರು ಯಾರು? ಮುಂಬೈಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ ಸೊಸೈಟಿಯೊಂದು ರೋಗಿಗಳನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿ ವ್ಯಾಯಾಮ, ಮಾಹಿತಿ, ಮಾತುಕತೆ ನಡೆಸುತ್ತದೆ. ಬೆಂಗಳೂರಿನಲ್ಲೂ ಇಂಥ ಬಳಗವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ ಎಂಬಂಥ ಉಪಯುಕ್ತ ಸಂಗತಿಗಳು ತಿಳಿಯುವುದು ಹೀಗೆ ಸೇರಿದಾಗಲೇ.

ಗುತ್ತಿಗಾರಿನಂಥ ಊರಿಗೆ ದೊಡ್ಡ ಕಟ್ಟಡ ಬೇಕಿಲ್ಲ. ಮದ್ರಸದ ಒಂದು ಕೋಣೆ, ತಿಂಗಳಿಗೊಂದು ಮಧ್ಯಾಹ್ನ, ಸುಳ್ಯದಿಂದ ಬರಲೊಪ್ಪುವ ಒಬ್ಬ ಫಿಸಿಯೋಥೆರಪಿಸ್ಟ್ ಸಾಕು. ಜಾತಿ, ಮತ ಕೇಳದೆ ಎಲ್ಲರನ್ನೂ ಕರೆಯೋಣ. ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಅಷ್ಟರವರೆಗೂ ಕಾಯಬೇಕಾಗಿಲ್ಲ. ತೋಡು ದಾಟಿ ಆ ಮನೆಗೆ ಹೋಗಿ ಸಲಾಮ್ ಹೇಳಿ, ಒಂದು ಗಂಟೆ ರೋಗಿಯ ಬಳಿ ಕುಳಿತು, ಆ ಸೊಸೆಗೆ ನಿದ್ದೆ ಮಾಡಲು ಬಿಟ್ಟರೆ ಅಷ್ಟರಿಂದಲೇ ಬಳಗ ಶುರುವಾಗುತ್ತದೆ.