ಶಾಂತಿಸಭೆಯೂ ಒಂದು ಹೊರಸೂ

ಕಾಮಣ್ಣನನ್ನು ಸುಡುವ ಕಟ್ಟಿಗೆ ಕದ್ದದ್ದೇ ಆಗಿರಬೇಕು. ರೊಕ್ಕ ಕೊಟ್ಟು ತಂದದ್ದು ಒಲೆಗಾದೀತು, ಕಾಮಣ್ಣನಿಗಲ್ಲ. ನಮ್ಮ ಓಣಿಯ ಈ ಕಾನೂನನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ನಾನು ನಮ್ಮ ಹಿತ್ತಲಿನ ಕುಳ್ಳಿಗೇ ಕೈ ಹಾಕಿದೆ. ಅವ್ವ ಕಿಟಕಿಯಿಂದ ನೋಡಿದಳು, ಏನೂ ಅನ್ನಲಿಲ್ಲ. ಮರುದಿನ ಕಾಮಣ್ಣನ ಕೆಂಡ ತಂದು ಒಲೆ ಹೊತ್ತಿಸಿ, ಕಡಲೆ ಹುರಿದು ಕೈಗೆ ಹಾಕುವಾಗ ಮಾತ್ರ, "ನಮ್ಮ ಕುಳ್ಳು ಛಲೋ ಉರದುವಲ್ಲೋ?" ಅಂದಳು.

ಪಕ್ಕದ ಮನೆಯ ಅಜ್ಜನಿಗೆ ತನ್ನ ಏಣಿಯದೇ ಚಿಂತೆ. ಹುಣ್ಣಿವೆಗೆ ಎಂಟು ದಿನ ಇರುವಾಗಲೇ ಅದನ್ನು ಹೊರಸಿನ ಮಗ್ಗಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಮಲಗುತ್ತಿದ್ದ. ಒಂದು ರಾತ್ರಿ ನೀರು ಕುಡಿಯಲು ಒಳಗೆ ಹೋಗಿ ಬಂದರೆ ಏಣಿ ಇದೆ, ಹೊರಸು ಇಲ್ಲ! ಹಗ್ಗ ಬಿಚ್ಚಿ, ಏಣಿಯನ್ನು ಗೋಡೆಗೆ ನೀಟಾಗಿ ಆನಿಸಿಟ್ಟು ಹೋಗಿದ್ದೆವು. ಅಜ್ಜ ನಮ್ಮ ಏಳು ತಲೆಮಾರನ್ನೂ ಹೆಸರು ಹಿಡಿದು ಬೈದ. ಹುಣ್ಣಿವೆಯ ರಾತ್ರಿ ಮಾತ್ರ ಬೆಂಕಿಯ ಮುಂದೆ ಎಲ್ಲರಿಗಿಂತ ಜೋರಾಗಿ ಲಬೋ ಲಬೋ ಅಂತ ಬಾಯಿ ಬಡಿದುಕೊಂಡವನೂ ಅವನೇ. ಅವನದು ಕಾಮಣ್ಣನ ಸಲುವಾಗಿಯೋ ಹೊರಸಿನ ಸಲುವಾಗಿಯೋ ಇಂದಿಗೂ ತಿಳಿದಿಲ್ಲ.

ಈಗ ನಾನು ಶಾಂತಿಸಭೆಯ ಸದಸ್ಯ. ಕಳ್ಳನಿಗೆ ವಯಸ್ಸಾದರೆ ಹಿರಿಯ ನಾಗರಿಕನಾಗುತ್ತಾನೆ. ಹೋಳಿಗೆ ವಾರವಿರುವಾಗ ಠಾಣೆಯ ಅಂಗಳದಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿ, ಚಹಾ ಬಿಸ್ಕಿಟು ಕೊಟ್ಟು, ಸಾಹೇಬರು ಪಟ್ಟಿ ಓದುತ್ತಾರೆ. ಕರೆಂಟಿನ ತಂತಿಯ ಕೆಳಗೆ ಸುಡಬಾರದು. ಡಾಂಬರು ರಸ್ತೆಯ ಮೇಲೆ ಸುಡಬಾರದು. ಪಟಾಕಿ ಹಾರಿಸಬಾರದು. ಒತ್ತಾಯದಿಂದ ಪಟ್ಟಿ ಎತ್ತಬಾರದು. ಎಸ್ಸೆಸ್ಸೆಲ್ಸಿ ಮಕ್ಕಳ ಮೇಲೆ ಬಣ್ಣ ಎರಚಬಾರದು. ಹತ್ತು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಕಡೆಯದು: ಕಟ್ಟಿಗೆ ಕದ್ದರೆ ಕೇಸು. ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿ ಸಹಿ ಹಾಕಿದವನು ನಾನು. ಪಾರ್ಲೆ-ಜಿ ಚಹಾದಲ್ಲಿ ಮುರಿದು ಬಿತ್ತು.

ಸಹಿ ಹಾಕದೆ ಇರುವುದಾದರೂ ಹೇಗೆ? ಹಳೆಯ ಹೊಲದ ಜಗಳವನ್ನು ಬಣ್ಣದ ನೆವದಲ್ಲಿ ತೀರಿಸಿಕೊಂಡವರನ್ನು ಕಂಡಿದ್ದೇನೆ. ಬೇರೆಯವರ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಅಲ್ಲೇ ನಿಂತು ಹಲಗಿ ಬಾರಿಸುವ ಶೂರರೂ ಎಲ್ಲ ಊರಲ್ಲಿದ್ದಾರೆ. ಕಿಡಿ ಎಲ್ಲಿ ಹಾರೀತು ಎಂಬುದನ್ನು ಕಾಮಣ್ಣನಿಗಿಂತ ಚೆನ್ನಾಗಿ ಬಲ್ಲವರು ಪೊಲೀಸರು. ಅದಕ್ಕೇ ನಿಷೇಧಾಜ್ಞೆ. 2024ರ ಜುಲೈ 1ರಿಂದ ಅದರ ಕಲಂ 163 ಆಗಿದೆಯಂತೆ. ನಮ್ಮ ಓಣಿಯಲ್ಲಿ ಮಾತ್ರ ಇನ್ನೂ 144.

ಬೆಂಕಿಗೂ ಸರ್ಕಾರಕ್ಕೂ ಈ ತಿಕ್ಕಾಟ ನಮ್ಮಲ್ಲಷ್ಟೇ ಇಲ್ಲ. 1605ರ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟಿನ ಕೆಳಗೆ ರಾಜನನ್ನೇ ಸಿಡಿಸಲು ಹೊಂಚಿದ್ದ ಗೈ ಫಾಕ್ಸ್ ಎಂಬವನು ಮದ್ದಿನ ಪೀಪಾಯಿಗಳ ಸಮೇತ ಸಿಕ್ಕಿಬಿದ್ದ. ರಾಜ ಉಳಿದನೆಂದು ಜನ ಬೀದಿಯಲ್ಲಿ ಬೆಂಕಿ ಹಾಕಿ ಕುಣಿದರು. ಪಾರ್ಲಿಮೆಂಟು ಆ ದಿನದ ಆಚರಣೆಗೆ ಕಾನೂನನ್ನೇ ಮಾಡಿತು. ಆಮೇಲೆ ಬೆಂಕಿ ಸರ್ಕಾರದ ಮಾತು ಕೇಳಲಿಲ್ಲ. 1847ರಲ್ಲಿ ಲೂಯಿಸ್ ಎಂಬ ಪಟ್ಟಣದ ಹುಡುಗರನ್ನು ಹದ್ದುಬಸ್ತಿನಲ್ಲಿಡಲು ಲಂಡನ್ನಿನಿಂದ ಪೊಲೀಸರನ್ನು ತರಿಸಬೇಕಾಯಿತು. 1859ರಲ್ಲಿ ಕಾನೂನು ರದ್ದಾಯಿತು. ಬೆಂಕಿ ಇಂದಿಗೂ ಉರಿಯುತ್ತಿದೆ. ಅಲ್ಲಿಯ ಹುಡುಗರೂ ಫಾಕ್ಸನ ಬೊಂಬೆ ಮುಂದಿಟ್ಟುಕೊಂಡು ಬಿಡಿಗಾಸು ಬೇಡುತ್ತಿದ್ದರು. ಪಟ್ಟಿ ಎತ್ತುವ ವಿದ್ಯೆಗೆ ದೇಶಭಾಷೆಯ ಹಂಗಿಲ್ಲ.

ಈ ಸಲ ಹುಣ್ಣಿವೆಯ ಹಿಂದಿನ ರಾತ್ರಿ ಕಾಲು ಮುರಿದ ಹಳೆಯ ಹೊರಸೊಂದನ್ನು ಬೇಕೆಂದೇ ಗೇಟಿನ ಹೊರಗಿಟ್ಟು ಮಲಗಿದೆ. ನಡುರಾತ್ರಿ ಎರಡು ಸಲ ಎದ್ದು ನೋಡಿದೆ. ಅಜ್ಜ ಕಾದದ್ದು ಕದಿಯದಿರಲೆಂದು, ನಾನು ಕಾದದ್ದು ಕದಿಯಲೆಂದು. ಬೆಳಗಾದರೂ ಹೊರಸು ಅಲ್ಲೇ ಇತ್ತು, ಮೇಲೆ ಒಂದು ನಾಯಿ ಮಲಗಿತ್ತು. ಎಂಟು ಗಂಟೆಗೆ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು.

"ಹೊರಸು ಒಯ್ಯರೋ," ಅಂದೆ.

"ಬ್ಯಾಡ್ರಿ ಕಾಕಾ, ಅಡ್ಡೆದಾಗ ಕಟ್ಟಿಗಿ ಹೇಳೀವಿ. ನೀವು ಫೋನ್‌ಪೇ ಮಾಡ್ರಿ."

ನೂರಾ ಒಂದು ರೂಪಾಯಿ ಕಳಿಸಿದೆ. ಶಾಂತಿ ಅಂದರೆ ಇದೇ ಇರಬೇಕು.

ರಾತ್ರಿ ಒಂಬತ್ತೂವರೆಗೆ ಮನಸ್ಸು ತಡೆಯಲಿಲ್ಲ. ಹೊರಸನ್ನು ನಾನೇ ಎಳೆದುಕೊಂಡು ಹೊರಟೆ. ಮುರಿದ ಕಾಲು ಓಣಿಯುದ್ದಕ್ಕೂ ಗೀರುತ್ತಾ ಬಂತು. ತಿರುವಿನಲ್ಲಿ ಬಂದೋಬಸ್ತಿನ ಪೊಲೀಸಪ್ಪ ಟಾರ್ಚು ಬಿಟ್ಟ.

"ಯಾರದ್ರೀ ಇದು ಹೊರಸು?"

"ನಂದ ರೀ" ಅನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ: "ಕದ್ದೀನ್ರಿ."

ಟಾರ್ಚು ನನ್ನ ನರೆತ ತಲೆಯ ಮೇಲೆ ಒಂದು ಗಳಿಗೆ ನಿಂತಿತು.

"ನೀವು ಶಾಂತಿಸಭಾದಾಗ ಮುಂದ ಕುಂತಿದ್ದವರಲ್ರೀ?"

ನಾನು ಮಾತಾಡಲಿಲ್ಲ. ಆತ ಆಚೀಚೆ ನೋಡಿ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಬಗ್ಗಿ ಹೊರಸಿನ ಇನ್ನೊಂದು ತುದಿ ಎತ್ತಿದ.

"ಲಗೂನ ನಡೀರಿ. ಹತ್ತಕ್ಕ ಐದ ಮಿನಿಟ ಉಳದಾವ."